ಎಮ್ಮಾರ್ಪಿ ಇಲ್ಲದ ಊರಿಂದ

2025ರ ಏಪ್ರಿಲ್ ಒಂದಕ್ಕೆ ನಂದಿನಿ ಹಾಲು ಏರಿತಲ್ಲ, ಆಗ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಾರ ಬೇರೆ ಮಾತೇ ಇಲ್ಲ. ಬಸ್ಸು ಏರಿಸಿದ್ರು, ಮೆಟ್ರೋ ಏರಿಸಿದ್ರು, ಈಗ ಹಾಲೂ ಆಯ್ತು, ಬದುಕೋದ್ ಹೆಂಗೆ ಅಂತ ಚಿಕ್ಕಪ್ಪ ಉದ್ದುದ್ದ ವಾಯ್ಸ್ ಮೆಸೇಜ್ ಹಾಕ್ತಿದ್ರು. ನಾನು ಸುಮ್ನಿರಬೇಕಿತ್ತೋ ಏನೋ, ಇಲ್ಲಿ ನೈಜೀರಿಯಾದ ಲಾಗೋಸಲ್ಲಿ ಎರಡು ವರ್ಷದಲ್ಲಿ ಅಕ್ಕಿ ಮೂಟೆ ರೇಟು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಒಂದು ಲೆಕ್ಕ ಹಾಕ್ದೆ. ತಕ್ಷಣ ನಮ್ಮ ಭಾವನ ಉತ್ತರ ಬಂತು: "ನಿಮಗೇನ್ ಬಿಡಪ್ಪ, ಡಾಲರ್ ಸಂಬಳ." ಅದಕ್ಕೆ ನಾಲ್ಕು ಜನ ನಗೋ ಮುಖ ಹಾಕಿದ್ರು, ಆಮೇಲೆ ಯಾರೋ ಶುಭೋದಯದ ಗುಲಾಬಿ ಹೂ ಹಾಕಿದ್ರು, ಅಲ್ಲಿಗೆ ನನ್ನ ಲೆಕ್ಕ ಗೊಬ್ಬರ.

ಡಾಲರ್ ಸಂಬಳದ ಕಥೆ ಹೇಳ್ಬಿಡ್ತೀನಿ. ಇಲ್ಲಿರೋ ನಮ್ಮೋರಲ್ಲಿ ತುಂಬಾ ಜನಕ್ಕೆ ಸಂಬಳ ಎರಡು ಭಾಗ, ಒಂದು ಊರಿನ ಅಕೌಂಟಿಗೆ ಹೋಗುತ್ತೆ, ಇನ್ನೊಂದು ಮನೆ ಖರ್ಚಿಗೆ ಅಂತ ನೈರಾದಲ್ಲಿ, ಅಂದ್ರೆ ಇಲ್ಲಿನ ದುಡ್ಡಲ್ಲಿ, ಇಲ್ಲೇ ಕೊಡ್ತಾರೆ. ನಂದೂ ಹಂಗೇ, ಒಂದು ಪ್ಲಾಸ್ಟಿಕ್ ಫ್ಯಾಕ್ಟರೀಲಿ ಅಕೌಂಟ್ಸ್ ನೋಡ್ಕೊಳ್ಳೋ ಕೆಲಸ. 2023ರ ಜೂನಲ್ಲಿ ಇಲ್ಲಿನ ಸರ್ಕಾರ ಡಾಲರ್ ಎದುರು ನೈರಾ ರೇಟನ್ನ ಹಿಡಿದಿಟ್ಟಿದ್ದ ಕೈ ಬಿಡ್ತು. ಆವತ್ತಿನವರೆಗೆ ಒಂದು ಡಾಲರಿಗೆ 460-470 ನೈರಾ ಇದ್ದಿದ್ದು 2024ರ ಫೆಬ್ರವರಿ ಹೊತ್ತಿಗೆ 1500 ದಾಟಿತು. ಮನೆ ಖರ್ಚಿನ ದುಡ್ಡು ಅಷ್ಟೇ ನೋಟು, ಆದ್ರೆ ಮೂರನೇ ಒಂದು ಭಾಗದ ಬೆಲೆ. ಇದನ್ನ ಗ್ರೂಪಲ್ಲಿ ಬರೆದ್ರೆ ಯಾರು ಓದ್ತಾರೆ, ಅದಕ್ಕೆ ಇಲ್ಲಿ ಬರೀತಿದೀನಿ.

ನೈರಾನ ಕೈ ಬಿಡೋದಕ್ಕೂ ಒಂದೆರಡು ವಾರ ಮುಂಚೆ, ಮೇ 29ಕ್ಕೆ, ಹೊಸ ಅಧ್ಯಕ್ಷ ಟಿನುಬು ಪ್ರಮಾಣವಚನದ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಮುಗೀತು ಅಂದ್ಬಿಟ್ರು. ಆವತ್ತು ಸಾಯಂಕಾಲಾನೇ ಬಂಕುಗಳ ಮುಂದೆ ಕಿಲೋಮೀಟರ್‌ಗಟ್ಟಲೆ ಕ್ಯೂ. 200 ನೈರಾ ಒಳಗಿದ್ದ ಲೀಟರ್ ಪೆಟ್ರೋಲು ಒಂದೇ ವಾರದಲ್ಲಿ 500ರ ಆಸುಪಾಸು, 2024ರ ಅಕ್ಟೋಬರಿಗೆ ಸಾವಿರದ ಮೇಲೆ. ಇಲ್ಲಿ ಪೆಟ್ರೋಲ್ ಅಂದ್ರೆ ಬರೀ ಗಾಡಿ ಅಲ್ಲ, ಕರೆಂಟು ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ದೇವರಿಗೇ ಗೊತ್ತು, ಕಟಿಂಗ್ ಶಾಪಿಂದ ಹಿಡಿದು ಕೋಲ್ಡ್ ಸ್ಟೋರೇಜ್ ತನಕ ಎಲ್ಲಾ ಜನರೇಟರ್ ಮೇಲೆ. ಕರೆಂಟಾದ್ರೂ ಕಡಿಮೆ ರೇಟಾ ಅಂದ್ರೆ, ದಿನಕ್ಕೆ 20 ಗಂಟೆ ಕೊಡ್ತೀವಿ ಅಂತ ಹೇಳಿರೋ ಏರಿಯಾಗಳಿಗೆ 2024ರ ಏಪ್ರಿಲಲ್ಲಿ ಯೂನಿಟ್ಟಿಗೆ 68 ಇದ್ದಿದ್ದನ್ನ 225 ಮಾಡಿದ್ರು.

ಇಷ್ಟು ಹಿನ್ನೆಲೆ ಸಾಕು, ನಾನು ಹೇಳಬೇಕಂತಿರೋದು ಎಮ್ಮಾರ್ಪಿ ಬಗ್ಗೆ.

ಇಲ್ಲಿ ಸಾಮಾನ್ಯವಾಗಿ ಯಾವ ಪೊಟ್ಟಣದ ಮೇಲೂ ರೇಟು ಇರಲ್ಲ. ಸೋಪು, ಬಿಸ್ಕತ್ತು, ನೂಡಲ್ಸು, ಹಾಲಿನ ಪುಡಿ, ಯಾವುದರ ಮೇಲೂ. ತಯಾರಾದ ದಿನ ಇರುತ್ತೆ, ಮುಗಿಯೋ ದಿನ ಇರುತ್ತೆ, ಬೆಲೆ ಮಾತ್ರ ಅಂಗಡಿಯವಳ ಬಾಯಲ್ಲಿ. ಬಂದ ಹೊಸದ್ರಲ್ಲಿ ನಂಗೆ ಇದು ದೊಡ್ಡ ಮೋಸ ಅನ್ನಿಸ್ತಿತ್ತು, ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಇಲುಪೇಜು ಕಡೆ ಇಂಡಿಯನ್ ಅಂಗಡಿಗೆ ಹೋದ್ರೆ ಇನ್ನೂ ತಮಾಷೆ. ಊರಿಂದ ಬಂದ ಸಾಂಬಾರ್ ಪುಡಿ ಪ್ಯಾಕೆಟ್ ಮೇಲೆ ರೂಪಾಯಿ ರೇಟು ಪ್ರಿಂಟಾಗಿರುತ್ತೆ, ಕರೆಕ್ಟಾಗಿ ಅದರ ಮೇಲೆ ನೈರಾ ಸ್ಟಿಕ್ಕರ್ ಮೆತ್ತಿರ್ತಾರೆ. ನನ್ನ ಹೆಂಡತಿ ಉಗುರಲ್ಲಿ ಆ ಸ್ಟಿಕ್ಕರ್ ಮೂಲೆ ಎಬ್ಬಿಸಿ ಕೆಳಗಿನದು ನೋಡಿ, ಗುಣಾಕಾರ ಮಾಡಿ, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ತಗೊಳ್ತಾಳೆ. ತಗೊಳ್ದೆ ಏನ್ ಮಾಡೋದು. ಒಂದೊಂದು ಸಲ ಹಳೇ ಸ್ಟಿಕ್ಕರ್ ಮೇಲೆ ಹೊಸ ಸ್ಟಿಕ್ಕರ್, ಅದರ ಮೇಲೆ ಇನ್ನೊಂದು, ಕಿತ್ತಷ್ಟೂ ಸಿಗುತ್ತೆ.

ಆದ್ರೆ ಈ ಎರಡು ಮೂರು ವರ್ಷ ನೋಡಿದ ಮೇಲೆ ನಂಗನಿಸೋದೇನಂದ್ರೆ, ಎಮ್ಮಾರ್ಪಿ ನಮ್ಮೋರನ್ನ ಬೆಲೆ ವಿಷಯದಲ್ಲಿ ದಡ್ಡರನ್ನಾಗಿ ಮಾಡಿಬಿಟ್ಟಿದೆ. ಬೈಬೇಡಿ, ಪೂರ್ತಿ ಓದಿ.

ನಾನು ತರಕಾರಿ ತಗೊಳ್ಳೋ ಮಾರ್ಕೆಟಲ್ಲಿ ಒಬ್ಬ ಹೆಂಗಸಿದಾಳೆ, ಅರವತ್ತರ ಹತ್ತಿರ ಇರಬಹುದು, ಎಲ್ಲರೂ ಮಾಮಾ ಅಂತಾರೆ, ಇಲ್ಲಿ ಹಂಗಂದ್ರೆ ಅಮ್ಮ, ನಾನೂ ಹಂಗೇ ಕರೀತೀನಿ. ಅಕ್ಕಿ, ಬೀನ್ಸ್ ಕಾಳು, ಗಾರಿ ಅನ್ನೋ ಮರಗೆಣಸಿನ ಪುಡಿ ಎಲ್ಲ ಡೆರಿಕಾ ಅಂತ ಒಂದು ತಗಡಿನ ಡಬ್ಬೀಲಿ ಅಳೆದು ಕೊಡ್ತಾಳೆ, ಟೊಮೇಟೊ ಪೇಸ್ಟ್ ಬರೋ ಡಬ್ಬಿ ಅದು, ನಮ್ಮಜ್ಜಿ ಕಾಲದ ಪಾವು ಸೇರು ಇದ್ದಂಗೆ. ಡಬ್ಬಿ ಮೇಲೆ ಗೋಪುರ ಥರ ಅಕ್ಕಿ ಏರಿಸಿ, ಅಂಗೈಲಿ ಒಂದ್ಸಲ ತಟ್ಟಿ, ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ ಕೊಸರು ಹಾಕ್ತಾಳೆ. ಇಲ್ಲಿ ಕೊಸರು ಕೇಳೋದು ಗಿರಾಕಿ ಹಕ್ಕು, ಕೇಳ್ದೇ ಇದ್ರೆ ಇವನ್ಯಾವೋನೋ ದುಡ್ಡಿನ ಮದ ಅಂದ್ಕೋತಾರೆ. ಒಂದು ದಿನ ಹಿಂದಿನ ವಾರಕ್ಕಿಂತ ತುಂಬಾ ಜಾಸ್ತಿ ಹೇಳಿದ್ಲು. ಏನ್ ಮಾಮಾ ಇದು ಅಂದೆ. "ಓಗಾ, ಥಿಂಗ್ಸ್ ಡೋನ್ ಕಾಸ್ಟ್ ಓ", ಅಂದ್ರೆ ಸಾಹೇಬ್ರೇ, ಎಲ್ಲಾ ದುಬಾರಿ ಆಗಿದೆ, ಅಂದವಳು ಅಲ್ಲಿಗೆ ನಿಲ್ಲಿಸ್ಲಿಲ್ಲ. ಡೀಸೆಲ್ ಎಷ್ಟಾಗಿದೆ, ಉತ್ತರದ ಕಾನೋ ಊರಿಂದ ಲಾರಿ ಬರಬೇಕಾದ್ರೆ ದಾರೀಲಿ ಎಷ್ಟು ಕಡೆ ಕೈ ಬಿಸಿ ಮಾಡಬೇಕು, ಉತ್ತರದ ಕಡೆ ಬಂದೂಕು ಹಿಡಿದೋರ ಕಾಟಕ್ಕೆ ರೈತರು ಹೊಲಕ್ಕೇ ಹೋಗ್ತಿಲ್ಲ, ಆವತ್ತಿನ ಡಾಲರ್ ರೇಟು ಎಷ್ಟು, ಎಲ್ಲಾ ಬೆರಳು ಮಡಚಿ ಹೇಳಿದ್ಲು. ನಾನು ಆಫೀಸಲ್ಲಿ ಎಕ್ಸೆಲ್ ಶೀಟಲ್ಲಿ ಹಾಕೋ ಲೆಕ್ಕ ಅದು. ಆಮೇಲೆ ಚೌಕಾಸಿ ಶುರು, ಲಾಸ್ಟ್ ಎಷ್ಟು ಅಂತ ನಾನು, ನೀನೆಷ್ಟು ಕೊಡ್ತೀಯ ಅಂತ ಅವಳು, ಕೊನೆಗೆ ಇಬ್ಬರಿಗೂ ಸ್ವಲ್ಪ ಸೋತ ಹಾಗೆ ಅನ್ನಿಸೋ ಒಂದು ರೇಟಿಗೆ ಬಂದು ನಿಂತ್ವಿ.

ಈಗ ಹಾಲಿಗೆ ಬರ್ತೀನಿ. 2024ರ ಜೂನಲ್ಲಿ ಲೀಟರ್ ಪ್ಯಾಕೆಟ್ಟಿಗೆ 50 ಎಮ್ಮೆಲ್ ಜಾಸ್ತಿ ಹಾಕಿ ಎರಡು ರೂಪಾಯಿ ಏರಿಸಿದ್ರು, 42 ಇದ್ದಿದ್ದು 44 ಆಯ್ತು. 2025ರಲ್ಲಿ ಆ 50 ಎಮ್ಮೆಲ್ ವಾಪಸ್ ತಗೊಂಡು 46 ಮಾಡಿದ್ರು. ನಮ್ಮ ಗ್ರೂಪಲ್ಲಿ ಅಷ್ಟು ಜನ ಕೂಗಾಡಿದ್ರಲ್ಲ, ಒಬ್ಬರಾದ್ರೂ ಪ್ಯಾಕೆಟ್ ಮೇಲಿನ ಎಮ್ಮೆಲ್ ನೋಡಿದ್ರಾ? ಇಲ್ಲ. ಏರಿದ ದುಡ್ಡು ರೈತರಿಗೆ ಹೋಗುತ್ತಾ, ಹಸುವಿನ ಫೀಡ್ ರೇಟು ಎಷ್ಟಾಗಿದೆ, ಯಾರೂ ಕೇಳ್ಲಿಲ್ಲ. ಒಂದು ಗುಂಪು ರಾಜ್ಯ ಸರ್ಕಾರನ ಬೈತು, ಇನ್ನೊಂದು ಗುಂಪು ಕೇಂದ್ರನ ಬೈತು, ಸಂಜೆ ಮ್ಯಾಚ್ ಶುರುವಾದ ಮೇಲೆ ಎಲ್ಲರೂ ಒಂದಾದ್ರು. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟೂ ಅಷ್ಟೇ, ನಾನು ಸ್ಕೂಲಿಗೆ ಹೋಗೋವಾಗ ಎಷ್ಟು ದಪ್ಪ ಇತ್ತು, ಈಗ ಎಷ್ಟಿದೆ. ರೇಟು ಮಾತ್ರ ಅದೇ ಐದು, ಅದಕ್ಕೆ ನಾವು ಖುಷಿ. ಬಸ್ ಸ್ಟ್ಯಾಂಡಲ್ಲಿ ನೀರಿನ ಬಾಟಲಿಗೆ ಕೂಲಿಂಗ್ ಚಾರ್ಜ್ ಅಂತ ಎರಡು ರೂಪಾಯಿ ಜಾಸ್ತಿ ಕೇಳಿದೋನ ಮೇಲೆ ನಮ್ಮ ಭಾವ ಅರ್ಧ ಗಂಟೆ ಜಗಳ ಆಡಿದ್ದನ್ನ ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ, ವಿಡಿಯೋ ಬೇರೆ ಮಾಡ್ಕೊಂಡ್ರು. ಅದೇ ಮನುಷ್ಯ ಮಲ್ಟಿಪ್ಲೆಕ್ಸಲ್ಲಿ ಪಾಪ್‌ಕಾರ್ನಿಗೆ ಕೇಳಿದಷ್ಟು ಕೊಟ್ಟು ಬರ್ತಾರೆ, ಯಾಕಂದ್ರೆ ಬಕೆಟ್ ಮೇಲೆ ಎಮ್ಮಾರ್ಪಿ ಬರೆದಿರಲ್ಲ.

ಇಲ್ಲಿ ಅಳತೆ ಡಬ್ಬಿ ಹಾಗೇ ಇರುತ್ತೆ, ಬೆಲೆ ಕಣ್ಣೆದುರೇ ಏರುತ್ತೆ. ಹಂಗಂತ ಡಬ್ಬಿ ತಳ ಒಳಗೆ ಬಗ್ಗಿಸಿ ಮೋಸ ಮಾಡೋರು ಇಲ್ವೇ ಇಲ್ಲ ಅಂತಲ್ಲ, ಇದಾರೆ, ಅವರು ಯಾರು ಅಂತ ಮಾರ್ಕೆಟ್ಟಿಗೆಲ್ಲ ಗೊತ್ತಿರುತ್ತೆ.

ಸರ್ಕಾರದ ಅಂಕಿ ಅಂಶದ ಮೇಲೂ ಇಲ್ಲಿ ಯಾರಿಗೂ ಭ್ರಮೆ ಇಲ್ಲ. 2024ರ ಡಿಸೆಂಬರಿಗೆ ಹಣದುಬ್ಬರ 34.8 ಪರ್ಸೆಂಟ್ ಅಂದಿದ್ರು, ಆ ವರ್ಷ ಜೂನಲ್ಲಿ ಬರೀ ಆಹಾರದ್ದೇ ತಗೊಂಡ್ರೆ 40 ದಾಟಿತ್ತು. ಮುಂದಿನ ತಿಂಗಳು, ಅಂದ್ರೆ 2025ರ ಜನವರೀಲಿ, 24.48ಕ್ಕೆ ಇಳೀತು. ಒಂದೇ ತಿಂಗಳಲ್ಲಿ ಹತ್ತು ಪಾಯಿಂಟ್! ಯಾವ ವರ್ಷದ ಬೆಲೆಗೆ ಹೋಲಿಸಿ ಲೆಕ್ಕ ಹಾಕ್ತಾರೋ ಆ ಆಧಾರ ವರ್ಷನ 2009ರಿಂದ 2024ಕ್ಕೆ ಬದಲಾಯಿಸಿದ್ರು, ಹಣದುಬ್ಬರ ಅಳೆಯೋಕೆ ಇಟ್ಕೊಳ್ಳೋ ಸಾಮಾನಿನ ಬುಟ್ಟೀಲಿ ಯಾವುದಕ್ಕೆ ಎಷ್ಟು ತೂಕ ಅಂತಾನೂ ಬದಲಾಯ್ತು. ಅದು ಮಾಡಲೇಬೇಕಾದ ಕೆಲಸಾನೇ, ಅಷ್ಟು ವರ್ಷ ಹಳೇ ಬುಟ್ಟಿ ಇಟ್ಕೊಂಡು ಕೂತಿದ್ದೇ ತಪ್ಪು, ಅಕೌಂಟ್ಸ್ ಓದಿದೋನಿಗೆ ಅರ್ಥ ಆಗುತ್ತೆ. ಆದ್ರೆ ಮಾಮಾಗೆ ಹೇಳಿದ್ದಕ್ಕೆ ಪಕ್ಕದ ಮೀನಿನವಳನ್ನ ಕರೆದು, ಬಾರೇ ಇಲ್ಲಿ, ಬೆಲೆ ಇಳೀತಂತೆ, ಈ ಓಗಾಗೆ ಟಿವೀಲಿ ಹೇಳಿದ್ರಂತೆ, ಅಂತ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಗುರಿ ನಾಲ್ಕು ಪರ್ಸೆಂಟು, ಸತತ ಮೂರು ಕ್ವಾರ್ಟರ್ ಆರರ ಮೇಲಿದ್ರೆ ಯಾಕೆ ಹಿಂಗಾಯ್ತು ಅಂತ ಸರ್ಕಾರಕ್ಕೆ ಕಾಗದ ಬರೀಬೇಕು. ಇಲ್ಲಿನ ಸೆಂಟ್ರಲ್ ಬ್ಯಾಂಕ್ ಬಡ್ಡಿ ದರ 27.5ಕ್ಕೆ ಒಯ್ದು ಕೂತಿತ್ತು. ಮನೆ ಸಾಲ ಎಂಟೂವರೆ ಆಯ್ತು ಅಂತ ಅಳೋರು ಒಂದ್ಸಲ ಇಲ್ಲಿ ಬಂದು ಸಾಲ ಕೇಳಿ ನೋಡ್ಲಿ.

ಸರಿ, ಇಷ್ಟೆಲ್ಲಾ ಬರೆದ ಮೇಲೆ ನನ್ನ ವಾದ ಎಲ್ಲಿ ಕುಂಟುತ್ತೆ ಅನ್ನೋದನ್ನೂ ಹೇಳ್ಬೇಕು, ಹೆಂಡತಿ ಓದಿದ್ರೆ ಬಿಡಲ್ಲ.

ಔಷಧಿ. ಫ್ಯಾಕ್ಟರಿ ಡ್ರೈವರ್ ಮಗಳಿಗೆ ಆಸ್ತಮಾ ಇದೆ. 2023ರಲ್ಲಿ ಜಿಎಸ್‌ಕೆ ಅನ್ನೋ ಔಷಧಿ ಕಂಪನಿ ನೈಜೀರಿಯಾದಿಂದ ಹೊರಡ್ತೀವಿ ಅಂತ ಘೋಷಿಸ್ತು, ಡಾಲರ್ ಸಿಗದೇ ಇದ್ದಿದ್ದೂ ಅದಕ್ಕೊಂದು ಕಾರಣ, ಅವರ ಇನ್ಹೇಲರ್ ಸಿಗೋದೇ ಕಷ್ಟ ಆಯ್ತು, ಸಿಕ್ಕಿದ ಕಡೆ ಒಂದೊಂದು ಫಾರ್ಮಸೀಲಿ ಒಂದೊಂದು ರೇಟು. ಆ ಮನುಷ್ಯ ಊರೆಲ್ಲ ಸುತ್ತಿ ಕೇಳ್ತಿದ್ದ. ಅಲ್ಲಿ ಚೌಕಾಸಿ ಇಲ್ಲ, ಕೊಸರೂ ಇಲ್ಲ, ಉಸಿರು ಸಿಗದ ಮಗೂನ ಪಕ್ಕದಲ್ಲಿ ಇಟ್ಕೊಂಡು ಲಾಸ್ಟ್ ಎಷ್ಟು ಅಂತ ಯಾರು ಕೇಳ್ತಾರೆ. ನಮ್ಮಲ್ಲಿ ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರುತ್ತಲ್ಲ ಒಂದು ನಂಬರು, ಆವಾಗ ಅದು ಬೇಕು ಅನ್ನಿಸ್ತು. ಮುಂದಿನ ಸಲ ಊರಿಗೆ ಹೋದಾಗ ಎರಡು ಇನ್ಹೇಲರ್ ತಂದುಕೊಟ್ಟೆ, ದುಡ್ಡು ಎಷ್ಟು ಅಂತ ಕೇಳಿದ, ಡಬ್ಬಿ ಮೇಲೆ ಬರೆದಿದೆ ನೋಡು ಅಂದ್ರೆ ನಂಬಲೇ ಇಲ್ಲ, ತಿರುಗಿಸಿ ತಿರುಗಿಸಿ ನೋಡಿದ.

ಇನ್ನೊಂದು ರೇಷನ್ ಅಂಗಡಿ. ಥಂಬ್ ಬರ್ಲಿಲ್ಲ, ಸರ್ವರ್ ಡೌನು, ಅಕ್ಕೀಲಿ ನುಸಿ, ಇವೆಲ್ಲಾ ನಮ್ಮ ಗೋಳು ಇದ್ದಿದ್ದೇ. ಆದ್ರೆ ತಿಂಗಳಿಗೊಮ್ಮೆ ಅಕ್ಕಿ ಬರುತ್ತೆ. ಇಲ್ಲಿ ಸರ್ಕಾರ ಕನಿಷ್ಠ ಕೂಲಿ 30 ಸಾವಿರದಿಂದ 70 ಸಾವಿರ ನೈರಾ ಮಾಡ್ತು, 2024ರ ಜುಲೈಲಿ, ಆ ವರ್ಷ 50 ಕೆಜಿ ಅಕ್ಕಿ ಮೂಟೆ ಅದಕ್ಕಿಂತ ಜಾಸ್ತಿ ಇತ್ತು. ತಿಂಗಳ ಕೂಲಿಗೆ ಒಂದು ಮೂಟೆ ಇಲ್ಲ. ಆ ಡಿಸೆಂಬರಲ್ಲಿ ಕ್ರಿಸ್‌ಮಸ್‌ಗೆ ದಾನ ಕೊಡ್ತಾರೆ ಅಂತ ಸೇರಿದ್ದ ಜನ ಕಾಲ್ತುಳಿತದಲ್ಲಿ ಸತ್ರು, ಇಬಾದಾನಲ್ಲಿ 35 ಮಕ್ಕಳು, ಆಮೇಲೆ ಅಬುಜಾದ ಚರ್ಚಲ್ಲಿ, ಒಕಿಜಾದಲ್ಲಿ. ಲಾಗೋಸಲ್ಲಿ ಆ ವಾರ ಯಾರೂ ತಮಾಷೆ ಮಾಡ್ತಿರ್ಲಿಲ್ಲ. ಮಾಮಾ ಡೀಸೆಲ್ ರೇಟು ಬಾಯಿಪಾಠ ಹೇಳ್ತಾಳೆ ಅಂತ ನಾನು ಮೆಚ್ಚಿಕೊಂಡೆ ನಿಜ, ಗೊತ್ತಿದ್ದ ಮಾತ್ರಕ್ಕೆ ಅವಳ ಮನೇಲಿ ಮೂರು ಹೊತ್ತು ಒಲೆ ಉರೀತಿರ್ಲಿಲ್ಲ. ಮಧ್ಯಾಹ್ನದ ಊಟ ಬಿಟ್ಟಿದೀನಿ ಅಂತ ಅವಳೇ ಹೇಳಿದ್ದು, ಅದನ್ನೂ ನಗ್ತಾನೇ.

ಭಾವನ ಮಾತೂ ಪೂರ್ತಿ ಸುಳ್ಳಲ್ಲ, ಊರಿನ ಅಕೌಂಟಿಗೆ ಬೀಳೋ ದುಡ್ಡು ಇಲ್ದೇ ಇದ್ರೆ ನಾನು ಈ ಥರ ಕೂತು ಡಬ್ಬಿ, ಕೊಸರು ಅಂತ ಬರೀತಿರ್ಲಿಲ್ಲ. ಅವರಿಗೆ ಇದನ್ನ ಹೇಳೋಕ್ ಹೋಗಬೇಡಿ.

2025ರ ಕೊನೆ ಹೊತ್ತಿಗೆ ಇಲ್ಲಿ ಅಕ್ಕಿ, ಕಾಳು ನಿಜವಾಗ್ಲೂ ಇಳಿದಿತ್ತು, ಹಣದುಬ್ಬರ ಅಕ್ಟೋಬರಿಗೆ 16ರ ಹತ್ತಿರ ಬಂತು. ಆಮದು ಸುಂಕ ಸ್ವಲ್ಪ ದಿನ ಬಿಟ್ಟಿದ್ರು, ನೈರಾನೂ ಒಂದು ಕಡೆ ನಿಂತಿತ್ತು. ಮಾರ್ಕೆಟಲ್ಲಿ ಖುಷಿ. ಬೆಳೆದೋರು ಮಾತ್ರ ಬಾಯಿ ಬಡ್ಕೊಳ್ತಿದ್ರು, ದುಬಾರಿ ಗೊಬ್ಬರ ದುಬಾರಿ ಡೀಸೆಲ್ ಹಾಕಿ ಬೆಳೆದಿದ್ದಕ್ಕೆ ಹಾಕಿದ ದುಡ್ಡೂ ಹುಟ್ತಿಲ್ಲ ಅಂತ. ಇದು ಕೋಲಾರದ ಟೊಮೇಟೊ ಕಥೆ, 2023ರ ಜುಲೈಲಿ ಕೆಜಿಗೆ ನೂರು ದಾಟಿದಾಗ ಬೆಂಗಳೂರೆಲ್ಲ ಬೊಬ್ಬೆ, ಬೆಲೆ ಬಿದ್ದು ರಸ್ತೆಗೆ ಸುರಿದಾಗ ಯಾರೂ ಮಾತಾಡಲ್ಲ. ಎಮ್ಮಾರ್ಪಿ ಇರೋ ದೇಶದಲ್ಲೂ ಟೊಮೇಟೊ ಬುಟ್ಟಿ ಮೇಲೆ ಯಾರೂ ರೇಟು ಪ್ರಿಂಟ್ ಮಾಡ್ಲಿಲ್ಲ ನೋಡಿ. ಗ್ರೂಪಲ್ಲಿ ಇದನ್ನೂ ಹಾಕೋಣ ಅಂತಿದ್ದೆ, ಹೆಂಡತಿ ಫೋನ್ ಕಿತ್ಕೊಂಡ್ಲು.