ಹುಣಸೆ ಬೀಜದ ಸಂಶೋಧನೆ ನಡೆಯಲಿ, ಕಾಲಿಗೆ ಸೊಪ್ಪು ಕಟ್ಟಿಕೊಂಡು ಕೂರುವುದು ನಿಲ್ಲಲಿ

ಮಳೆಗಾಲ ಬಂದರೆ ಸಾಕು, ನಮ್ಮ ಚಿತ್ತಾಪುರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ 'ಹಾವಿನ ವಿಷಕ್ಕೆ ಹುಣಸೆ ಬೀಜ ರಾಮಬಾಣ' ಅನ್ನೋ ಮೆಸೇಜು ಓಡಾಡುತ್ತದೆ. ಅದು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಭಯ ಇರುತ್ತಿರಲಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲೇ ಹುಣಸೆ ಬೀಜದ ಸಾರ ಕೊಳಕು ಮಂಡಲ ಹಾವಿನ ವಿಷದಲ್ಲಿ ಮೈಯನ್ನು ಕೆಡಿಸುವ ಕೆಲವು ಕಿಣ್ವಗಳನ್ನು (ಎನ್ಜೈಮುಗಳನ್ನು) ತಡೆಯುತ್ತದೆ ಎಂದು ತೋರಿಸಿದ್ದಾರೆ. ಅಶ್ವಗಂಧ, ಮುಟ್ಟಿದರೆ ಮುನಿ ಮೇಲೂ ಅಲ್ಲಿ ಕೆಲಸ ಆಗಿದೆ. ಇದು ಬೇಕು. ಯಾಕಂದ್ರೆ ದವಾಖಾನೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದು, ಆಂಟಿವೆನಮ್, ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿದು ಜೀವ ಉಳಿಸುತ್ತದೆ, ಆದರೆ ಕಚ್ಚಿದ ಜಾಗದಲ್ಲಿ ಆಗಲೇ ಕೆಟ್ಟ ಮಾಂಸವನ್ನು ಸರಿಮಾಡುವುದಿಲ್ಲ. ತೊಗರಿ ಹೊಲದಲ್ಲಿ ಮಂಡಲ ಕಚ್ಚಿ ಬದುಕಿದವರ ಕಾಲು ನೋಡಿದ್ದೀರಾ? ಮೊಣಕಾಲತನಕ ಬಾವು, ನೀರು ತುಂಬಿದ ಗುಳ್ಳೆ, ಕಪ್ಪಾದ ಚರ್ಮ. ಕೆಲವರ ಬೆರಳೇ ತೆಗೆಯಬೇಕಾಗುತ್ತದೆ. ಕೂಲಿ ಮಾಡುವ ಹೆಣ್ಮಗಳು ಆಮೇಲೆ ಹೊಲಕ್ಕೆ ಹೋಗುವುದು ಹೇಗೆ?

ಆದರೆ ಇಂಥ ಬಹಳಷ್ಟು ಪ್ರಯೋಗಗಳಲ್ಲಿ ವಿಷವನ್ನೂ ಸಾರವನ್ನೂ ಮೊದಲೇ ಬೆರೆಸಿಟ್ಟು, ಆಮೇಲೆ ಇಲಿಗೆ ಚುಚ್ಚುತ್ತಾರೆ. ಹೊಲದಲ್ಲಿ ವಿಷ ಮೊದಲು ಮೈಗಿಳಿಯುತ್ತದೆ, ಮದ್ದು ಆಮೇಲೆ. ಈ ವ್ಯತ್ಯಾಸ ಸಣ್ಣದಲ್ಲ. ಲ್ಯಾಬಿನಲ್ಲಿ ತೆಗೆದ ಸಾರವೇ ಬೇರೆ, ಮನೇಲಿ ಬೀಜ ಅರೆದು ಹಚ್ಚುವುದೇ ಬೇರೆ.

'ನಮ್ಮೂರ ಅಜ್ಜನ ಬೇರಿನಿಂದ ಎಷ್ಟೋ ಜನ ಬದುಕಿದ್ದಾರಲ್ಲ' ಅಂತೀರಿ. ವಿಷವಿಲ್ಲದ ಹಾವು ಕಚ್ಚಿದರೂ, ವಿಷದ ಹಾವು ಕಚ್ಚಿ ವಿಷ ಬಿಡದಿದ್ದರೂ ಯಾವ ಸೊಪ್ಪು ಕಟ್ಟಿದರೂ ಬದುಕುತ್ತಾರೆ. ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಬೆಳಗಾಗುವಷ್ಟರಲ್ಲಿ ರೆಪ್ಪೆ ಎತ್ತೋಕಾಗಲ್ಲ, ಆಮೇಲೆ ಉಸಿರಾಟವೇ ನಿಲ್ಲಬಹುದು. ಮಂಡಲದ ವಿಷವಾದರೆ ರಕ್ತವನ್ನೇ ಕೆಡಿಸುತ್ತದೆ. ಅದನ್ನು ತಿಳಿಯಲು ದವಾಖಾನೆಯಲ್ಲಿ 2 ಮಿ.ಲೀ. ರಕ್ತವನ್ನು ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತವನ್ನು ಕೆಡಿಸಿದೆ ಎಂದರ್ಥ, ಆಂಟಿವೆನಮ್ ಶುರು. ಸೊಪ್ಪು ಕಟ್ಟುವವರಿಗೆ ಇದು ತಿಳಿಯುವ ದಾರಿಯೇ ಇಲ್ಲ.

ಹಾಗಂತ ಆ ಅಜ್ಜನನ್ನು ಬೈಯಬೇಡಿ. ಗಿಡದ ಗುರುತು ಅವರಿಗೆ ಗೊತ್ತು. ನಮ್ಮ ಕಲಬುರಗಿಯ ವಿಶ್ವವಿದ್ಯಾಲಯದವರು, ಡಾಕ್ಟರು ಅವರ ಜೊತೆ ಕೂತು ಮಾತಾಡಲಿ. ಆ ಗಿಡಗಳನ್ನು ವಿಷ ಕೊಟ್ಟ ನಂತರ, ಆಂಟಿವೆನಮ್ ಜೊತೆಗೇ ಪರೀಕ್ಷಿಸಲಿ. ಹಾವು ಕಡಿದವರು ಬಂದರೆ ಅಜ್ಜ ಮೊದಲು 108ಕ್ಕೆ ಫೋನ್ ಮಾಡಿಸಲಿ.

2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಹಾಗೆ ಬರೆದುಕೊಳ್ಳುವಾಗ ದವಾಖಾನೆಗೆ ಬರುವ ಮೊದಲು ಯಾವ ಸೊಪ್ಪು ಕಟ್ಟಿದ್ದರು, ಎಷ್ಟು ತಾಸು ಹೋಯಿತು, ಕೊನೆಗೆ ಕಾಲು ಉಳಿಯಿತಾ ಎಂಬುದನ್ನೂ ಬರೆದುಕೊಳ್ಳಲಿ.