ತುರಿಕೆಯನ್ನು ಸಣ್ಣ ವಿಷಯ ಅನ್ನಬೇಡಿ

"ತುರಿಕೆಗೆಲ್ಲ ಯಾರಾದರೂ ರಜೆ ಹಾಕ್ತಾರಾ?" ಶಾಲೆಯಲ್ಲಿ ಕೇಳಿದ ಈ ಮಾತು ಈಗ ಎಂ.ಎ. ಓದುವಾಗಲೂ ನನ್ನ ಬೆನ್ನು ಬಿಟ್ಟಿಲ್ಲ. ಜ್ವರ ಅಂದರೆ ಹಣೆ ಮುಟ್ಟಿ ನೋಡುತ್ತಾರೆ. ಕೈ ಮುರಿದರೆ ಪಟ್ಟಿ ಕಾಣುತ್ತದೆ. ತುರಿಕೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ನನ್ನ ಎರಡೂ ಕಣ್ಣುಗಳ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬಿದೆ. ಅದರಲ್ಲಿ ಈ ತುರಿಕೆಯ ಪಾಲು ದೊಡ್ಡದು ಅಂತ ನನ್ನ ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ಇಸುಬು ಇರುವ ಮಕ್ಕಳಿದ್ದರೆ, ಅಥವಾ ನೀವು ಕಾಲೇಜಿನಲ್ಲಿ ಪಾಠ ಮಾಡುವವರಾದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಎಕ್ಸಿಮಾ, ಅಂದರೆ ಇಸುಬು, ನನಗೆ ನೆನಪು ಮೂಡುವ ಮೊದಲೇ ಬಂದದ್ದು. ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ, ಕುತ್ತಿಗೆ, ಆಮೇಲೆ ಕಣ್ಣಿನ ರೆಪ್ಪೆ. ನಮ್ಮ ಕಾಸರಗೋಡಿನ ಹವೆ ಗೊತ್ತಲ್ವಾ? ಮಾರ್ಚ್ ಬಂತೆಂದರೆ ಸೆಕೆ, ಬೆವರು ತಾಗಿದಲ್ಲೆಲ್ಲ ಉರಿ. ಜೂನ್ ಬಂತೆಂದರೆ ಒಣಗದ ಬಟ್ಟೆ, ಹಸಿ ವಾಸನೆಯ ಬೈರಾಸು, ಬೂಸ್ಟು ಹಿಡಿದ ಚಾದರ. ಬದನೆ ನಂಜು, ಸಿಗಡಿ ನಂಜು ಅಂತ ನನ್ನ ಬಟ್ಟಲಿನಿಂದ ಒಂದೊಂದೇ ಹೋಯಿತು. ಚರ್ಮದ ಕಾಯಿಲೆ ಅಂದರೆ ನಾಗದೋಷ ಅನ್ನುವುದು ನಮ್ಮ ಕಡೆಯ ನಂಬಿಕೆ. ಆಶ್ಲೇಷಾ ಬಲಿಯೂ ಆಯಿತು. ನನಗೆ ಅದರ ಬಗ್ಗೆ ಬೇಸರವಿಲ್ಲ, ಅಮ್ಮನಿಗೆ ಅದರಿಂದ ಧೈರ್ಯ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಹರಕೆ ಹೊತ್ತವರು ಚರ್ಮದ ಡಾಕ್ಟರ ಹತ್ತಿರವೂ ಹೋಗಲಿ ಅನ್ನುವುದಷ್ಟೇ ನನ್ನ ಕೋರಿಕೆ.

ಎಕ್ಸಿಮಾ ಕೊಳಕಿನಿಂದ ಬರುವುದಲ್ಲ, ಮುಟ್ಟಿದರೆ ಹರಡುವುದೂ ಅಲ್ಲ. ಚರ್ಮದ ಹೊರಪದರ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೊರಗಿನದನ್ನು ತಡೆಯುವುದೂ ಇಲ್ಲ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದವರಿಗೆ ಇದು ಬರುವ ಸಾಧ್ಯತೆ ಹೆಚ್ಚು ಅಂತ 2006ರಲ್ಲೇ ಗೊತ್ತಾಗಿದೆ. ಕೆರೆದಷ್ಟೂ ಪದರ ಹರಿಯುತ್ತದೆ, ಹರಿದಷ್ಟೂ ತುರಿಕೆ ಏರುತ್ತದೆ. ರಾತ್ರಿ ಇದು ಜಾಸ್ತಿ. ನಿದ್ದೆಯಲ್ಲಿ ಕೈ ನಮ್ಮ ಮಾತು ಕೇಳುವುದಿಲ್ಲ. ತುರಿಕೆಗೆ ಕೊಡುವ ಹಳೆಯ ಕಾಲದ ಅಲರ್ಜಿ ಮಾತ್ರೆ ನುಂಗಿದರೆ ಮರುದಿನದ ಮೊದಲ ಪಿರಿಯಡ್‌ನಲ್ಲಿ ತೂಕಡಿಕೆ. ಲೆಕ್ಚರರ್ ಕಣ್ಣಿಗೆ ಅದು ಸೋಮಾರಿತನ.

ಈ ಜಾತಿಯ ಅಲರ್ಜಿ ಮೈಯಲ್ಲಿ ಮಾತ್ರ ನಿಲ್ಲುವುದಿಲ್ಲ. ಎಷ್ಟೋ ಮಂದಿಗೆ ಕಣ್ಣಲ್ಲೂ ಇರುತ್ತದೆ. ಕಣ್ಣು ತುರಿಸಿದರೆ ಮಗು ಉಜ್ಜುತ್ತದೆ, ಬೆರಳಿನ ಗೆಣ್ಣಿನಿಂದ ಒತ್ತಿ ಒತ್ತಿ ಉಜ್ಜುತ್ತದೆ. ಉಜ್ಜಿದರೆ ಎಷ್ಟು ಹಾಯಾಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಕಾರ್ನಿಯಾದ ನಡುವಿನ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೆ. ನನಗಿರುವ ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಅದು ಇನ್ನೂ ತೆಳುವಾಗಿ, ಗುಮ್ಮಟದಂತೆ ಇರಬೇಕಾದದ್ದು ಕೋನಿನ ಹಾಗೆ ಚೂಪಾಗುತ್ತದೆ. ಹುಟ್ಟಿನಿಂದ ಬಂದ ಗುಣವೂ ಇದಕ್ಕೆ ಕಾರಣ. ಕಣ್ಣುಜ್ಜುವುದು ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗಿ, ಇಪ್ಪತ್ತರ ಆಸುಪಾಸಿನಲ್ಲಿ ಏರುತ್ತಾ ಹೋಗುತ್ತದೆ. ಓದುವ ವಯಸ್ಸೂ ಅದೇ.

ನಾನು ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ ಮುಗಿಸುತ್ತಿದ್ದಾಗ 2020ರ ಲಾಕ್‌ಡೌನ್ ಬಂತು. ಆ ವರ್ಷ ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುತ್ತಿತ್ತು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ದೇರಳಕಟ್ಟೆ. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು. ಡಯಾಲಿಸಿಸ್‌ಗೆ ಹೋಗುವವರೇ ಪರದಾಡುವಾಗ ಕನ್ನಡಕದ ನಂಬರಿಗೆ ದಾರಿ ಯಾರು ಬಿಡುತ್ತಾರೆ? ಆಮೇಲೆ ಕ್ಲಾಸು ಪೂರಾ ಮೊಬೈಲಿಗೆ ಬಂತು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಹಾಗಾಗಿ ನನಗೆ ಬೋರ್ಡು ಕಾಣುವುದಿಲ್ಲ ಅಂತ ಯಾರಿಗೂ ತಿಳಿಯಲಿಲ್ಲ.

ಕೆರಟೋಕೋನಸ್‌ನಲ್ಲಿ ಹೇಗೆ ಕಾಣುತ್ತದೆ ಅಂತ ಕೇಳುತ್ತಾರೆ. ಬರೀ ಮಸುಕು ಅಲ್ಲ. ಪ್ರತಿ ಅಕ್ಷರಕ್ಕೂ ಒಂದು ನೆರಳಿನ ಅಕ್ಷರ ಅಂಟಿಕೊಂಡಿರುತ್ತದೆ, ನನಗೆ ಅದು ಕೆಳಗಡೆ ಬೀಳುತ್ತದೆ. ಕನ್ನಡದಲ್ಲಿ ಒತ್ತಕ್ಷರ ಇರುವುದೂ ಅಲ್ಲೇ. 'ಕಳ' ಮತ್ತು 'ಕಳ್ಳ', 'ಹಳಿ' ಮತ್ತು 'ಹಳ್ಳಿ' ಬೇರೆ ಮಾಡಲು ಇಡೀ ವಾಕ್ಯವನ್ನು ಊಹೆಯಿಂದ ಹಿಡಿಯಬೇಕು. ಪತ್ರಿಕೆಯ ಸಣ್ಣ ಅಚ್ಚಿನಲ್ಲಿ ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಕಲಸಿಕೊಳ್ಳುತ್ತದೆ. ರಾತ್ರಿ ಎದುರಿನಿಂದ ಬರುವ ಬಸ್ಸಿನ ಹೆಡ್‌ಲೈಟು ಕವಲೊಡೆದು ರಸ್ತೆ ತುಂಬ ಹರಡುತ್ತದೆ. ಬಸ್ಸಿನ ಬೋರ್ಡು ಓದಲಾಗದೆ ಪಕ್ಕದವರನ್ನು ಕೇಳಿದರೆ, ಮಲಯಾಳ ಬರುವುದಿಲ್ಲವೇನೋ ಅಂದುಕೊಳ್ಳುತ್ತಾರೆ. ನನಗೆ ಮಲಯಾಳ ಓದಲು ಚೆನ್ನಾಗಿ ಬರುತ್ತದೆ.

ಕೊನೆಗೂ ಒಬ್ಬ ಡಾಕ್ಟರು ಕಾರ್ನಿಯಲ್ ಟೊಪೋಗ್ರಫಿ ಮಾಡಿಸಿದರು. ಕಾರ್ನಿಯಾದ ಏರುತಗ್ಗನ್ನು ಬಣ್ಣದ ನಕ್ಷೆಯಾಗಿ ತೋರಿಸುವ ಪರೀಕ್ಷೆ ಅದು. ಮುಟ್ಟುವುದಿಲ್ಲ, ನೋವಿಲ್ಲ, ಕೆಲವೇ ನಿಮಿಷ ಸಾಕು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಾಯಿಲೆ ಮುಂದೆ ಹೋಗದಂತೆ ತಡೆಯಲು ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಉಂಟು. ಕಣ್ಣಿಗೆ ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಹನಿ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2003ರಲ್ಲಿ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದ ಮೇಲೆ ಇದು ಎಲ್ಲ ಕಡೆ ಬಂತು. ಅವರ ಕ್ರಮದಲ್ಲಿ ಹನಿಗೆ ಅರ್ಧ ಗಂಟೆ, ಬೆಳಕಿಗೆ ಅರ್ಧ ಗಂಟೆ. ಇದರಿಂದ ಕಾರ್ನಿಯಾ ಬಿಗಿಯಾಗುತ್ತದೆ. ಆದರೆ ಹೋದ ದೃಷ್ಟಿ ವಾಪಸ್ ಬರುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಕಾರ್ನಿಯಾ 400 ಮೈಕ್ರಾನ್‌ಗಿಂತ ತೆಳುವಾಗಿಬಿಟ್ಟರೆ ಮಾಮೂಲಿ ಕ್ರಮದಲ್ಲಿ ಇದನ್ನು ಮಾಡುವ ಹಾಗೂ ಇಲ್ಲ. ಬೇಗ ಗೊತ್ತಾದವರಿಗೆ ಉಳಿಯುವ ಕಣ್ಣು ಜಾಸ್ತಿ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಇಷ್ಟು ವರ್ಷ ಚರ್ಮದ ಡಾಕ್ಟರುಗಳಿಗೆ ತೋರಿಸಿದ್ದೇವೆ, ಕಣ್ಣು ಉಜ್ಜುತ್ತೀಯಾ ಅಂತ ಒಬ್ಬರೂ ಕೇಳಿರಲಿಲ್ಲ. ಕನ್ನಡಕ ಬರೆದುಕೊಟ್ಟವರು ನನ್ನ ಕೆಂಪಾದ ರೆಪ್ಪೆ ನೋಡಿಯೂ ಮೈಯ ತುರಿಕೆ ವಿಚಾರಿಸಿರಲಿಲ್ಲ. ಕೇಳಲು ಒಂದು ನಿಮಿಷ ಸಾಕಿತ್ತು.

ಈಗ ನಾನು ಹಾಕುವುದು ಸ್ಕ್ಲೀರಲ್ ಲೆನ್ಸ್. ಮಾಮೂಲಿ ಲೆನ್ಸಿಗಿಂತ ದೊಡ್ಡದು, ಗಟ್ಟಿ, ದುಬಾರಿ. ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ. ಹಾಕುವ ಮೊದಲು ಅದರ ಬಟ್ಟಲಿಗೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಸಲೈನ್ ತುಂಬಬೇಕು. ಮುಖವನ್ನು ನೆಲಕ್ಕೆ ಸಮ ಬಗ್ಗಿಸಿ, ರೆಪ್ಪೆ ಎರಡೂ ಬಿಡಿಸಿ ಹಿಡಿದು, ಸಣ್ಣ ರಬ್ಬರ್ ಹಿಡಿಕೆಯ ಮೇಲಿಟ್ಟ ಲೆನ್ಸನ್ನು ಮೇಲಕ್ಕೆ ತರಬೇಕು. ಒಳಗೆ ಗಾಳಿಯ ಒಂದು ಗುಳ್ಳೆ ಉಳಿದರೂ ತೆಗೆದು ಮತ್ತೆ ಮೊದಲಿಂದ. ಆದರೆ ಅದು ಸರಿಯಾಗಿ ಕೂತ ಮೇಲೆ ಕಾಣುವುದಿದೆಯಲ್ಲ, ಅದಕ್ಕೆ ನಾನು ಏನು ಬೇಕಾದರೂ ಸಹಿಸಿಕೊಂಡೇನು. ನೆರಳಿಲ್ಲದ ಅಕ್ಷರ! ತೋಟದಲ್ಲಿ ಅಡಿಕೆ ಹಾಳೆಯ ಗೀರು ಗೀರೂ ಕಾಣುತ್ತದೆ.

ಇಲ್ಲೇ ಎರಡು ಕಾಯಿಲೆಗಳು ಜಗಳಕ್ಕೆ ನಿಲ್ಲುತ್ತವೆ. ಲೆನ್ಸ್ ಮುಟ್ಟಬೇಕಾದರೆ ಕೈ ಸೋಪು ಹಾಕಿ ತೊಳೆಯಲೇಬೇಕು. ಎಕ್ಸಿಮಾದ ಕೈಗೆ ಸೋಪು ಆಗುವುದೇ ಇಲ್ಲ, ಬೆರಳ ತುದಿ ಬಿರಿಯುತ್ತದೆ. ತೊಳೆಯದೆ ಬಿಡೋಣ ಅಂದರೆ ಎಕ್ಸಿಮಾದ ಚರ್ಮದಲ್ಲಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದು ಮಾಮೂಲು, ಅದು ಕಣ್ಣಿಗೆ ಹೋಗಬಾರದು. ಬಿರಿದ ಕೈಗೆ ಕ್ರೀಮ್ ಹಚ್ಚೋಣ ಅಂದರೆ ಅದರ ಜಿಡ್ಡು ಲೆನ್ಸಿಗೆ ಹತ್ತುತ್ತದೆ. ನಾನು ಕಂಡುಕೊಂಡ ಕ್ರಮ ಇದು. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ, ಒರೆಸಿದ ಕೂಡಲೇ ಮೈಗೆ ಕ್ರೀಮ್, ಅಂಗೈ ಮಾತ್ರ ಬಾಕಿ. ವಾಸನೆಯಿಲ್ಲದ ಮೆದು ಸೋಪಿನಲ್ಲಿ ಕೈ ತೊಳೆದು, ನೂಲು ಬಿಡದ ಟಿಶ್ಯೂನಲ್ಲಿ ಒರೆಸಿ, ಲೆನ್ಸ್ ಹಾಕಿ, ಆಮೇಲೆ ಕೈಗೆ ಕ್ರೀಮ್. ರೆಪ್ಪೆಯ ಮುಲಾಮು ರಾತ್ರಿ ಲೆನ್ಸ್ ತೆಗೆದ ಮೇಲೆ. ಹಾಸ್ಟೆಲಿನ ನಲ್ಲಿ ನೀರು ಲೆನ್ಸಿಗೆ ಒಂದು ಹನಿಯೂ ತಾಗಬಾರದು. ನಮ್ಮ ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಅದಕ್ಕೂ ಇದೇ ಮಾತು. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಇರಬಹುದು. ಅದು ಕಣ್ಣಿಗೆ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಮಧ್ಯಾಹ್ನದ ಹೊತ್ತಿಗೆ ಲೆನ್ಸಿನ ಒಳಗಿನ ಸಲೈನ್ ಮಂಜಾಗುತ್ತದೆ, ತೆಗೆದು ಸಲೈನ್‌ನಲ್ಲೇ ತೊಳೆದು ಮತ್ತೆ ತುಂಬಿ ಹಾಕಬೇಕು. ಸ್ವಚ್ಛ ಸಿಂಕು, ಕನ್ನಡಿ, ಹತ್ತು ನಿಮಿಷ ಸಿಕ್ಕಿದರೆ ಸಾಕು.

ಆ ಹತ್ತು ನಿಮಿಷಕ್ಕೇ ಕ್ಯಾಂಪಸ್ಸಿನಲ್ಲಿ ನಾನು ಸಾಕಷ್ಟು ಮಾತು ಕೇಳಿದ್ದೇನೆ. "ನಿನಗೆ ಕಾಣುವುದಿಲ್ಲ ಅಂತಿ, ಮೊಬೈಲು ಹೇಗೆ ನೋಡ್ತಿ?" ಅಂದರು ಒಬ್ಬ ಮೇಷ್ಟ್ರು. ಹೇಗೆ ಅಂತ ಆಗಲೇ ಹೇಳಿದೆ, ಬೆರಳಿನಿಂದ ಹಿಗ್ಗಿಸಿ. ಪ್ರೊಜೆಕ್ಟರ್ ಹಾಕಿದಾಗ ದೀಪ ಆರಿಸುತ್ತಾರೆ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ, ಕಾರ್ನಿಯಾದ ಓರೆಕೋರೆ ಜಾಗದಿಂದಲೂ ಬೆಳಕು ಒಳಗೆ ಬರುತ್ತದೆ, ನೆರಳು ಇನ್ನೂ ಹೆಚ್ಚುತ್ತದೆ. ಒಂದು ದೀಪ ಉರಿಯಲಿ, ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿ ಅಂದರೆ ವಿಶೇಷ ಸವಲತ್ತು ಕೇಳಿದ ಹಾಗೆ ನೋಡುತ್ತಾರೆ. ಪರೀಕ್ಷಾ ಕೋಣೆಯಲ್ಲಿ ಸಲೈನ್ ಬಾಟಲಿ ಇಟ್ಟುಕೊಳ್ಳಲು ಬಿಟ್ಟಿಲ್ಲ. ಮೂರು ಗಂಟೆಯ ಪರೀಕ್ಷೆ, ಏಪ್ರಿಲ್ ಸೆಕೆ, ಕುತ್ತಿಗೆಯಲ್ಲಿ ಬೆವರು, ಬಲಗಣ್ಣಿನಲ್ಲಿ ಮಂಜು. ಕೊನೆಯ ಉತ್ತರಗಳನ್ನು ನನ್ನ ಅಕ್ಷರ ನನಗೇ ಕಾಣದೆ ಬರೆದಿದ್ದೇನೆ.

"ಸರ್ಟಿಫಿಕೇಟ್ ಉಂಟಾ?" ಅನ್ನುವುದು ಎಲ್ಲ ಕಡೆ ಮೊದಲ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿ ಅಂತ ಲೆಕ್ಕಕ್ಕೆ ಬರಬೇಕಾದರೆ, ಚೆನ್ನಾಗಿ ಕಾಣುವ ಕಣ್ಣಿನಲ್ಲಿ, ಒಳ್ಳೆಯ ಕನ್ನಡಕವೋ ಲೆನ್ಸೋ ಹಾಕಿದ ಮೇಲೂ ದೃಷ್ಟಿ 6/18 ದಾಟಬಾರದು, ಅಂದರೆ ಬೇರೆಯವರು 18 ಮೀಟರ್ ದೂರದಿಂದ ಓದುವ ಅಕ್ಷರ 6 ಮೀಟರ್ ಹತ್ತಿರ ಬಂದರೆ ಮಾತ್ರ ಕಾಣುವಷ್ಟು. ಲೆನ್ಸ್ ಹಾಕಿದ ಹೊಸತರಲ್ಲಿ ನಾನು ಅದನ್ನು ದಾಟುತ್ತೇನೆ. ಲೆನ್ಸ್ ಮಂಜಾದಾಗ, ರೆಪ್ಪೆ ಊದಿ ಲೆನ್ಸ್ ಹಾಕಲಾಗದ ವಾರ, ನಾನು ಯಾವ ಪಟ್ಟಿಯಲ್ಲೂ ಇಲ್ಲ. ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು ಅನ್ನುವ ಗಡಿ ಬೇಕಾಗುವುದು ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಕ್ಕೆ. ವಿದ್ಯಾರ್ಥಿಯ ಅಗತ್ಯ ನೋಡಿ ಅನುಕೂಲ ಮಾಡಿಕೊಡಬೇಕು ಅನ್ನುವ ಮಾತಿಗೆ ಕಾಯ್ದೆ ಆ ಗಡಿ ಹಾಕಿಲ್ಲ. ಬರೆಯುವಾಗ ಕೈ ಸೆಳೆತ ಬರುತ್ತಿದ್ದ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ, ಶೇ. 40 ಇಲ್ಲ ಅನ್ನುವ ಕಾರಣಕ್ಕೆ ಬರವಣಿಗೆಗೆ ಸಹಾಯಕರನ್ನು ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಅಂಥವರಿಗಾಗಿ ಕೇಂದ್ರ ಸರಕಾರ 2022ರಲ್ಲಿ ಮಾರ್ಗಸೂಚಿಯನ್ನೂ ತಂದಿತು. ನಾನು ಕೇಳುತ್ತಿರುವುದು ಬರೆದುಕೊಡುವವರನ್ನಲ್ಲ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಫ್ಯಾನಿನ ಕೆಳಗೆ ಜಾಗ, ಸಲೈನ್ ಬಾಟಲಿ, ಹತ್ತು ನಿಮಿಷ.

ಇನ್ನು ಮನೆಯವರಿಗೆ. "ಕಣ್ಣು ಉಜ್ಜಬೇಡ ಮಗಾ" ಅಂತ ಬೈದರೆ ತುರಿಕೆ ನಿಲ್ಲುವುದಿಲ್ಲ, ಪಾಪ ಮಗು ಕದ್ದು ಉಜ್ಜುತ್ತದೆ. ತುರಿಕೆಗೆ ಮದ್ದು ಮಾಡಿಸಿ. ತಣ್ಣಗಿನ ಒದ್ದೆ ಬಟ್ಟೆ ಮುಚ್ಚಿದ ಕಣ್ಣಿನ ಮೇಲಿಟ್ಟರೆ ಸ್ವಲ್ಪ ತಡೆಯುತ್ತದೆ, ಅಲರ್ಜಿಗೆ ಡಾಕ್ಟರು ಕೊಡುವ ಹನಿ ಉಂಟು. ನಂಬರು ಪದೇಪದೇ ಬದಲಾದರೆ, ಅದರಲ್ಲೂ ಕನ್ನಡಕದ ಚೀಟಿಯಲ್ಲಿ CYL ಅಂತ ಬರೆಯುವ ಸಿಲಿಂಡರ್ ನಂಬರು ಏರಿದರೆ, ಟೊಪೋಗ್ರಫಿ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಪೇಟೆಯ ಮೆಡಿಕಲಿನಲ್ಲಿ ಹೇಳಿ ತರುವ ತುರಿಕೆ ಕ್ರೀಮನ್ನು ರೆಪ್ಪೆಗೆ ಹಚ್ಚಲೇಬೇಡಿ. ಎಷ್ಟೋ ಕ್ರೀಮುಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಅದನ್ನು ತುಂಬ ದಿನ ರೆಪ್ಪೆಗೆ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. 2018ರಲ್ಲಿ ಸರಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಮಾಡಿದರೂ ಕೇಳಿದವರಿಗೆ ಸಿಗುತ್ತಲೇ ಇದೆ. ಸ್ಟೀರಾಯ್ಡ್ ಅಂದರೆ ವಿಷ ಅಂತಲೂ ತಿಳಿಯಬೇಡಿ. ಚರ್ಮದ ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದಾಗ ನನಗೆ ನಿದ್ದೆ ಕೊಟ್ಟದ್ದೂ ಅದೇ.

ಇದನ್ನೆಲ್ಲ ಅರ್ಜಿಯಾಗಿ ಬರೆದು, ಡಾಕ್ಟರ ಪತ್ರ ಇಟ್ಟು ವಿಭಾಗದಲ್ಲಿ ಕೊಟ್ಟಿದ್ದೇನೆ. ಎ3 ಹಾಳೆಯಲ್ಲಿ ಪ್ರಶ್ನೆಪತ್ರಿಕೆ ಕೊಡಲು ಒಪ್ಪಿದ್ದಾರೆ, ಸ್ಲೈಡುಗಳೂ ಮೊದಲೇ ಬರತೊಡಗಿವೆ. ಅವರಿಗೆ ನನ್ನ ಮನಸ್ಸು ತುಂಬಿದ ಧನ್ಯವಾದ. ಸಲೈನ್ ಬಾಟಲಿಗೆ ಮತ್ತು ಹತ್ತು ನಿಮಿಷಕ್ಕೆ ಇನ್ನೂ ಉತ್ತರ ಬಂದಿಲ್ಲ. ಪರೀಕ್ಷೆಯ ಮೊದಲು ಲಿಖಿತ ಉತ್ತರ ಬೇಕು ಅಂತ ಮತ್ತೊಂದು ಅರ್ಜಿ ಬರೆದಿಟ್ಟಿದ್ದೇನೆ. ನಿಮ್ಮ ಕಾಲೇಜಿನಲ್ಲಿ ಇದಕ್ಕೆಲ್ಲ ಒಪ್ಪಿಗೆ ಕೊಟ್ಟಿದ್ದರೆ ಆ ಆದೇಶದ ಪ್ರತಿ ನನಗೆ ಕಳಿಸಿ, ಅರ್ಜಿಯ ಜೊತೆ ಇಡುತ್ತೇನೆ.