ಕರಗೋ ಪ್ಲಾಸ್ಟಿಕ್ ನಮ್ಮ ಮಲೆನಾಡಲ್ಲಿ ಎಲ್ಲಿ ಕರಗುತ್ತೆ?

ಶಿವಮೊಗ್ಗದ ಗಾಂಧಿ ಬಜಾರು, ನೆಹರು ರೋಡ್ ಕಡೆ ಈಗ ಸುಮಾರು ಅಂಗಡಿಗಳಲ್ಲಿ ಒಂದು ಕವರ್ ಕೊಡ್ತಾರೆ ನೋಡಿ, ಹಸಿರು ಅಕ್ಷರ, ಒಂದು ಎಲೆ ಚಿತ್ರ, "ನಾನು ಪ್ಲಾಸ್ಟಿಕ್ ಅಲ್ಲ" ಅಂತ ಇಂಗ್ಲಿಷಲ್ಲಿ ಬರೆದಿರುತ್ತೆ. ಮುಟ್ಟಿದ್ರೆ ಸ್ವಲ್ಪ ಮೆತ್ತಗೆ, ರೇಷ್ಮೆ ತರ. ಬೇಡ ಅಣ್ಣ ಚೀಲ ಇದೆ ಅಂದ್ರೆ "ತಗೊಳಿ ಸಾರ್, ಇದು ಮಣ್ಣಲ್ಲಿ ಕರಗುತ್ತೆ, ಏನೂ ತೊಂದ್ರೆ ಇಲ್ಲ" ಅಂತಾರೆ. ಅವರದ್ದು ತಪ್ಪಲ್ಲ, ಅವರಿಗೆ ಸಪ್ಲೈ ಮಾಡೋರು ಹಾಗೇ ಹೇಳಿರ್ತಾರೆ. ನನ್ನ ತಕರಾರು ಇರೋದು ಆ "ಮಣ್ಣಲ್ಲಿ ಕರಗುತ್ತೆ" ಅನ್ನೋ ಮಾತಿನ ಮೇಲೆ. ಯಾವ ಮಣ್ಣು, ಎಷ್ಟು ದಿನ, ಎಷ್ಟು ಬಿಸಿ, ಇದನ್ನ ಯಾರೂ ಕೇಳ್ತಾ ಇಲ್ಲ. ಸುಮಾರು ದಿನದಿಂದ ಇದರ ಬಗ್ಗೆ ಓದ್ತಾ ಇದೀನಿ, ಸುತ್ತಮುತ್ತ ನೋಡ್ತಾ ಇದೀನಿ, ನನಗೆ ಅನ್ಸಿದ್ದನ್ನ ಉದ್ದಕ್ಕೆ ಬರೀತೀನಿ, ಪುರುಸೊತ್ತಿದ್ದೋರು ಓದಿ.

ಮೊದಲು ಇದೊಂದೇ ವಸ್ತು ಅಲ್ಲ ಅನ್ನೋದು ಗೊತ್ತಿರಬೇಕು. ಒಂದು ಜಾತಿ ಇದೆ, ಮಾಮೂಲಿ ಪಾಲಿಥಿನ್‌ಗೇ ಕೋಬಾಲ್ಟ್ ಮ್ಯಾಂಗನೀಸ್ ತರದ ಲೋಹದ ಉಪ್ಪು ಸೇರಿಸಿರ್ತಾರೆ, ಬಿಸಿಲಿಗೆ ಗಾಳಿಗೆ ಅದು ಬೇಗ ಪುಡಿ ಆಗುತ್ತೆ. ಆಕ್ಸೋ ಡಿಗ್ರೇಡಬಲ್ ಅಂತಾರೆ. ಕಣ್ಣಿಗೆ ಕಾಣಲ್ಲ ಅಷ್ಟೇ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಾಗೇ ಉಳಿಯುತ್ತೆ, ಮೈಕ್ರೋಪ್ಲಾಸ್ಟಿಕ್ ಆಗಿ. ಯುರೋಪಿಯನ್ ಯೂನಿಯನ್ ಇದನ್ನ 2021ರ ಜುಲೈಯಿಂದ ಪೂರ್ತಿ ನಿಲ್ಲಿಸಿದೆ. ಇದರ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ, ಇದು ಬೇಡವೇ ಬೇಡ.

ಇನ್ನೊಂದು ನಿಜವಾಗ್ಲೂ ಕರಗೋ ಜಾತಿ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಮಾಡೋ ಪಿಎಲ್‌ಎ, ಅದರ ಜೊತೆ ಮೆತ್ತಗಿರ್ಲಿ ಅಂತ ಬೆರೆಸೋ ಪಿಬಿಎಟಿ, ಈ ಪಿಬಿಎಟಿ ಬಹುಪಾಲು ಪೆಟ್ರೋಲಿಯಂನಿಂದಲೇ ಬರೋದು ಆದ್ರೂ ಸೂಕ್ಷ್ಮಜೀವಿಗಳು ಇದನ್ನ ತಿನ್ನಬಲ್ಲವು. ಹಸಿರು ಅಕ್ಷರದ ಅಸಲಿ ಕವರ್ ಅಂದ್ರೆ ಇವೇ, ಕಂಪೋಸ್ಟಬಲ್ ಅಂದ್ರೆ ಗೊಬ್ಬರ ಆಗೋ ಕವರ್ ಅಂತಾರೆ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 17088 ಅನ್ನೋ ಸ್ಟಾಂಡರ್ಡ್ ಇದೆ, ಮಾರೋಕೆ ಮುಂಚೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸರ್ಟಿಫಿಕೇಟ್ ಬೇಕು. 2022ರ ಡಿಸೆಂಬರ್ 31ರಿಂದ ಮಾಮೂಲಿ ಕ್ಯಾರಿ ಬ್ಯಾಗ್ 120 ಮೈಕ್ರಾನ್‌ಗಿಂತ ತೆಳ್ಳಗೆ ಇರಬಾರದು ಅಂತ ರೂಲ್ಸ್ ಬಂತಲ್ಲ, ಈ ಕಂಪೋಸ್ಟ್ ಆಗೋ ಕವರ್‌ಗೆ ಆ ರೂಲ್ಸ್ ಇಲ್ಲ, ಎಷ್ಟು ತೆಳು ಬೇಕಾದ್ರೂ ಮಾಡಬಹುದು. ಹಸಿರು ಅಕ್ಷರದ ಕವರ್ ಮಾರ್ಕೆಟ್ಟಲ್ಲಿ ಇಷ್ಟು ಓಡೋಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ. ಹಸಿರು ಪ್ರಿಂಟ್ ಹೊಡೆದ್ರೆ ಸಾಕು, ಕೇಳೋರು ಕಮ್ಮಿ.

ಸರಿ, ಅಸಲಿ ಕವರ್ರೇ ಸಿಕ್ತು ಅಂದ್ಕೊಳ್ಳೋಣ. ಸ್ಟಾಂಡರ್ಡಲ್ಲಿ ಕರಗುತ್ತೆ ಅಂದಿರೋದು ಇಂಡಸ್ಟ್ರಿಯಲ್ ಕಂಪೋಸ್ಟ್ ಘಟಕದಲ್ಲಿ. ಅಲ್ಲಿ 58 ಡಿಗ್ರಿ ಆಸುಪಾಸು ಬಿಸಿ ವಾರಗಟ್ಟಲೆ ಹಿಡಿದಿಟ್ಟಿರ್ತಾರೆ, ತೇವ ಗಾಳಿ ಎಲ್ಲಾ ಅಳತೆಯಲ್ಲಿರುತ್ತೆ, ಆರು ತಿಂಗಳೊಳಗೆ ನೂರಕ್ಕೆ ತೊಂಬತ್ತರಷ್ಟು ಕರಗಬೇಕು. ಇಷ್ಟು ಬಿಸಿ ಎಂತಕ್ಕೆ ಅಂದ್ರೆ ಪಿಎಲ್‌ಎಯ ಉದ್ದ ಸರಪಳಿ ಮೊದಲು ನೀರು ಮತ್ತೆ ಶಾಖದಿಂದ ತುಂಡು ತುಂಡಾಗಬೇಕು, ತುಂಡಾದ ಮೇಲೇ ಸೂಕ್ಷ್ಮಜೀವಿಗಳಿಗೆ ತಿನ್ನೋಕೆ ಬರೋದು. ಆ ಮೊದಲ ಹೆಜ್ಜೆಗೆ ಶಾಖ ಸಿಗಲಿಲ್ಲ ಅಂದ್ರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ.

ಈಗ ನಮ್ಮ ಕಡೆ ಗೊಬ್ಬರದ ಗುಂಡಿ ನೆನಪು ಮಾಡ್ಕೊಳಿ. ಬೇಸಿಗೆಯಲ್ಲಿ ಸೊಪ್ಪು, ದರಗು, ಕೊಟ್ಟಿಗೆ ಸಗಣಿ ಎಲ್ಲಾ ಹಾಕ್ತೀವಿ, ನಡುವೆ ಒಂದಷ್ಟು ದಿನ ಚೆನ್ನಾಗೇ ಬಿಸಿ ಏಳುತ್ತೆ. ಮಳೆ ಹಿಡೀತು ಅಂದ್ರೆ ಮುಗೀತು, ಜೂನಿಂದ ಸೆಪ್ಟೆಂಬರ್ ತನಕ ಗುಂಡಿ ತುಂಬಾ ನೀರು, ಕೈ ಹಾಕಿದ್ರೆ ತಣ್ಣಗೆ. ಆಗುಂಬೆ ಕಡೆಯಂತೂ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೇ ಮಳೆ. ಅಂಥ ಗುಂಡಿಗೆ ಈ ಕವರ್ ಹಾಕಿ ಕರಗು ಅಂದ್ರೆ ಎಲ್ಲಿ ಕರಗುತ್ತೆ. ಮುಂದಿನ ಸಲ ಗೊಬ್ಬರ ತೋಟಕ್ಕೆ ಹೊತ್ತಾಗ ಅದೂ ಜೊತೆಗೇ ಹೋಗಿ ಅಡಿಕೆ ಮರದ ಬುಡದಲ್ಲಿ ಕೂರುತ್ತೆ.

ಇದು ಬರೀ ನನ್ನ ಊಹೆ ಅಲ್ಲ. ಇಂಗ್ಲೆಂಡಿನ ಪ್ಲಿಮತ್ ಯೂನಿವರ್ಸಿಟಿಯ ಇಮೋಜೆನ್ ನ್ಯಾಪರ್ ಮತ್ತೆ ರಿಚರ್ಡ್ ಥಾಂಪ್ಸನ್ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಬೇರೆ ಬೇರೆ ಜಾತಿ ಕವರ್‌ಗಳನ್ನ ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ, ಬಯಲಲ್ಲಿ ಗಾಳಿಗೆ ಕಟ್ಟಿ ಮೂರು ವರ್ಷ ಕಾದ್ರು. ಬಯೋಡಿಗ್ರೇಡಬಲ್ ಅಂತ ಹೆಸರು ಹೊತ್ತ ಕವರ್ ಮೂರು ವರ್ಷ ಮಣ್ಣಲ್ಲಿ, ಸಮುದ್ರದಲ್ಲಿ ಇದ್ದೂ ಸಾಮಾನು ಹೊರೋವಷ್ಟು ಗಟ್ಟಿ ಇತ್ತು. ಕಂಪೋಸ್ಟಬಲ್ ಕವರ್ ಸಮುದ್ರದ ನೀರಲ್ಲಿ ಮೂರು ತಿಂಗಳಲ್ಲಿ ಕಾಣೆಯಾಯ್ತು, ಅದನ್ನ ಒಪ್ಪಬೇಕು, ಆದ್ರೆ ಅದೇ ಕವರ್ ಮಣ್ಣಲ್ಲಿ 27 ತಿಂಗಳಾದ್ರೂ ಇತ್ತು, ಭಾರ ಹಾಕಿದ್ರೆ ಹರಿದುಹೋಗ್ತಿತ್ತು ಅಷ್ಟೇ. ಮನೆ ಕಂಪೋಸ್ಟಲ್ಲೇ ಕರಗುತ್ತೆ ಅಂತ ಸರ್ಟಿಫಿಕೇಟ್ ಇರೋದನ್ನೂ ಪರೀಕ್ಷೆ ಮಾಡಿದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನೋರು ಸಾಮಾನ್ಯ ಜನರ ಮನೆಗಳಲ್ಲೇ ಮಾಡಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು, ಅಂಥಾ ಸಾಮಾನಲ್ಲಿ ನೂರಕ್ಕೆ ಅರವತ್ತು ಪೂರ್ತಿ ಕರಗಿರಲಿಲ್ಲ.

ಅಲ್ಲ, ಇವರು ಗೊಬ್ಬರದ ಗುಂಡಿಗೆ ಹಾಕೋದು ಎಂತಕ್ಕೆ, ಕಸದ ಗಾಡಿಗೆ ಕೊಡ್ಲಿ ಅಂತೀರಾ? ಅದನ್ನೂ ನೋಡಿ ಬಂದೆ. ನಮ್ಮ ಪಂಚಾಯ್ತಿಗೆ ಸ್ವಚ್ಛ ಸಂಕೀರ್ಣ, ಅಂದ್ರೆ ಒಣಕಸ ವಿಂಗಡಿಸೋ ಘಟಕ ಆಗಿದೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಗಾಡಿ ತಗೊಂಡು ಮನೆಮನೆಗೆ ಬಂದು ಒಣಕಸ ತಗೊಂಡು ಹೋಗಿ ವಿಂಗಡಿಸ್ತಾರೆ, ಅವರ ಕೆಲಸಕ್ಕೆ ಎಷ್ಟು ಕೈ ಮುಗಿದ್ರೂ ಸಾಲದು. ಅಲ್ಲಿ ಕೆಲಸ ಮಾಡೋ ಅಕ್ಕನ ಹತ್ರ ಈ ಹಸಿರು ಕವರ್ ತೋರಿಸಿ, ಅಕ್ಕ ಇದು ಬಂದ್ರೆ ಎಂತ ಮಾಡ್ತೀರಿ ಅಂತ ಕೇಳಿದೆ. "ಎಂತ ಮಾಡೋದು ಮಾರಾಯ್ರೆ, ಕವರ್ ಕವರ್ ಜೊತೆಗೇ ಹಾಕ್ತೀವಿ, ಅದ್ಯಾವುದು ಇದ್ಯಾವುದು ಅಂತ ನೋಡ್ತಾ ಕೂತ್ರೆ ಸಂಜೆ ಆಗ್ತದೆ" ಅಂದ್ರು. ಸರಿಯಾಗೇ ಹೇಳಿದ್ರು. ಒಣಕಸದ ಘಟಕಕ್ಕೆ ಹೋದ ಕರಗೋ ಕವರ್ ಅಲ್ಲಿ ಕರಗಲ್ಲ, ಬದಲಿಗೆ ಒಳ್ಳೆ ಪಾಲಿಥಿನ್ ಜೊತೆ ಬೆರೆತು ಮರುಬಳಕೆಗೆ ಹೋಗೋ ಮಾಲಿನ ಕ್ವಾಲಿಟಿ ಕೆಡಿಸುತ್ತೆ. ಹಸಿಕಸ ನಮ್ಮ ಹಳ್ಳಿ ಕಡೆ ಮನೆಯಲ್ಲೇ ಮುಗೀಬೇಕು. ಹಾಗಾದ್ರೆ ಈ ಕವರ್‌ಗೆ ಹೋಗೋಕೆ ಸರಿಯಾದ ಜಾಗವೇ ಇಲ್ಲ, ಅಲ್ವಾ? ಕಡೆಗೆ ಅದು ಸೇರೋದು ಬಚ್ಚಲ ಒಲೆಗೆ, ಇಲ್ಲಾ ರಸ್ತೆ ಪಕ್ಕದ ಚರಂಡಿಗೆ.

ಮಲೆನಾಡಲ್ಲಿ ಚರಂಡಿ ಅಂದ್ರೆ ಹೊಳೆ ಅಂತಲೇ ಅರ್ಥ. ಒಂದು ಜೋರು ಮಳೆಗೆ ಗುಡ್ಡದ ಮೇಲಿನ ಕಸ ಬಸಿಗಾಲುವೆ, ಹಳ್ಳ, ಹೊಳೆ ದಾಟಿ ತುಂಗೆಗೆ ಬೀಳುತ್ತೆ, ಅಲ್ಲಿಂದ ಗಾಜನೂರು ಡ್ಯಾಮು, ಶಿವಮೊಗ್ಗ, ಕೂಡ್ಲಿ. ತಣ್ಣಗಿನ ಹೊಳೆ ನೀರಲ್ಲಿ ಪಿಎಲ್‌ಎ ಬೇಗ ಕರಗಲ್ಲ. ನಾವು ಕುಡಿಯೋ ನೀರು ಅದು. ಬೀದಿಯಲ್ಲಿ ಬಿದ್ದ ಕವರನ್ನ ಉಳಿದ ಅನ್ನದ ಜೊತೆ ನುಂಗೋ ದನಗಳದ್ದೂ ಇದೇ ಕಥೆ, ಹಸುವಿನ ಹೊಟ್ಟೆಯ ಶಾಖ 39 ಡಿಗ್ರಿ ಸುತ್ತಮುತ್ತ. ನುಂಗಿದ ಪಿಎಲ್‌ಎ ತುಂಡು ಅಲ್ಲಿ ಅಷ್ಟು ಸುಲಭಕ್ಕೆ ಕರಗೋದಿಲ್ಲ, ಹಸುವಿಗೆ ಕವರ್ ಮೇಲಿನ ಹಸಿರು ಅಕ್ಷರದಿಂದ ಏನೂ ಉಪಕಾರ ಆಗಲ್ಲ.

ನನಗೆ ಎಲ್ಲಕ್ಕಿಂತ ಹೆದರಿಕೆ ಇರೋದು ಮನುಷ್ಯರ ಮನಸ್ಸಿನ ಬಗ್ಗೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2015ರಲ್ಲೇ ಸಮುದ್ರದ ಕಸದ ಬಗ್ಗೆ ಒಂದು ವರದಿ ಕೊಟ್ಟಿತ್ತು, ಕರಗುತ್ತೆ ಅಂತ ಲೇಬಲ್ ಹಚ್ಚಿದ್ರೆ ಜನ ಇನ್ನೂ ಸಲೀಸಾಗಿ ಎಸೆಯೋ ಸಾಧ್ಯತೆ ಇದೆ ಅಂತ. ಕೊಡಚಾದ್ರಿ ಹತ್ರ, ಕವಲೇದುರ್ಗದ ದಾರಿಯಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ಓಪನ್ ಆದ ಮೇಲೆ ಶರಾವತಿ ಹಿನ್ನೀರಿನ ಆ ಕಡೆಗೂ ಲಾಂಚ್ ಕಾಯದೆ ಗಾಡಿಗಳು ಹೋಗ್ತವೆ, ಅಲ್ಲಿನ ಜನ ದಶಕಗಳಿಂದ ಕಾದ ಸೇತುವೆ ಅದು, ಬಂದಿದ್ದು ನನಗೂ ಖುಷಿನೇ, ಆದ್ರೆ ಬರೋರ ಜೊತೆ ಕಸವೂ ಬರುತ್ತೆ. ಬಂದೋರ ಕೈಯಲ್ಲಿ "ಕರಗೋ" ಲೋಟ ಇದ್ರೆ ಅದನ್ನ ಕಾಡಲ್ಲಿ ಬಿಸಾಡೋಕೆ ಒಂದು ನೆಪ ಸಿಕ್ಕಂಗೆ ಆಗುತ್ತೆ. ನೀಲಗಿರಿಯಲ್ಲಿ ಕೋರ್ಟ್ ಹೇಳಿದ್ದಕ್ಕೆ 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡು, ಖಾಲಿ ಬಾಟಲಿ ವಾಪಸ್ ತಂದ್ರೆ ದುಡ್ಡು ವಾಪಸ್ ಕೊಡ್ತಾರೆ. ನಮ್ಮ ಘಟ್ಟಕ್ಕೂ ನೀರಿನ ಬಾಟಲಿ ಸೇರಿಸಿ ಇಂಥದ್ದೊಂದು ಬೇಕು, ಕರಗೋ ಲೋಟಕ್ಕಿಂತ ಇದು ಎಷ್ಟೋ ಪಾಲು ಕೆಲಸಕ್ಕೆ ಬರುತ್ತೆ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಊಟದ ವಿಷಯಕ್ಕೆ ಬಂದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಅಡಿಕೆ ನಾಡು ನಮ್ಮದು, ಒಂದೊಂದು ಮರ ವರ್ಷಕ್ಕೆ ಆರೇಳು ಹಾಳೆ ಬೀಳಿಸುತ್ತೆ, ಅದನ್ನ ನೀರಲ್ಲಿ ನೆನೆಸಿ ಬಿಸಿ ಅಚ್ಚಿಗೆ ಒತ್ತಿದ್ರೆ ತಟ್ಟೆ, ಊಟ ಆದ ಮೇಲೆ ಅದೇ ತೋಟಕ್ಕೆ ಎಸೆದ್ರೆ ಯಾವ 58 ಡಿಗ್ರಿಯೂ ಬೇಡ, ಗೆದ್ದಲು ಅಣಬೆ ಮಳೆ ಸೇರಿ ಮುಗಿಸ್ತವೆ. ಬಾಳೆ ಎಲೆ ಇದೆ, ಮುತ್ತುಗದ ಎಲೆ ಇದೆ. ಹಂಗಿದ್ರೂ ಗೃಹಪ್ರವೇಶಕ್ಕೆ, ದೇವಸ್ಥಾನದ ಅನ್ನಸಂತರ್ಪಣೆಗೆ ಹೊರಗಿಂದ ಕರಗೋ ಪ್ಲಾಸ್ಟಿಕ್ ತಟ್ಟೆ ತರಿಸ್ತಾರೆ, ಇಲ್ಲಾ ಒಳಗೆ ಪ್ಲಾಸ್ಟಿಕ್ ಪದರ ಇರೋ ಪೇಪರ್ ತಟ್ಟೆ. ಹಾಳೆ ತಟ್ಟೆ ಬಗ್ಗೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಊಟಕ್ಕೆ ಇಳಿಯಬಹುದು ಅಂತ ತಕರಾರು ಎತ್ತಿದೆ, ರಫ್ತು ಮಾಡೋ ಸಣ್ಣ ಘಟಕಗಳಿಗೆ ಅದರಿಂದ ಹೊಡೆತ ಬಿದ್ದಿದೆ. ಅದನ್ನ ನಮ್ಮ ವಿಜ್ಞಾನಿಗಳು ಪರೀಕ್ಷೆ ಮಾಡಿ ನೇರವಾಗಿ ಉತ್ತರ ಕೊಡಬೇಕು, ಮುಚ್ಚಿಡೋ ವಿಷಯ ಅಲ್ಲ. ಅಲ್ಲಿಯ ತನಕ ಹಾಳೆ ಬೇಡ ಅನ್ನೋರಿಗೆ ಸ್ಟೀಲ್ ತಟ್ಟೆ ಇದ್ದೇ ಇದೆ, ಊರಿನ ಸಂಘದೋರು ಒಂದಷ್ಟು ತಟ್ಟೆ ಲೋಟ ತಗೊಂಡು ಬಾಡಿಗೆಗೆ ಇಟ್ರೆ ವರ್ಷಗಟ್ಟಲೆ ಬರುತ್ತೆ. ಇನ್ನೊಂದು, ಬಟ್ಟೆ ತರ ಕಾಣೋ ನಾನ್ ವೋವನ್ ಬ್ಯಾಗ್ ಇದೆಯಲ್ಲ, ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್, ಪಕ್ಕಾ ಪ್ಲಾಸ್ಟಿಕ್, ಮೋಸ ಹೋಗಬೇಡಿ.

ಹಾಗಂತ ಕರಗೋ ಪ್ಲಾಸ್ಟಿಕ್ ಅನ್ನೋದೇ ಸುಳ್ಳು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಇಟಲಿಯಲ್ಲಿ 2011ರಿಂದ ಮಾಮೂಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಲ್ಲಿಸಿ ಕಂಪೋಸ್ಟ್ ಆಗೋದನ್ನ ತಂದ್ರು, ಮಿಲಾನ್ ತರದ ಊರಲ್ಲಿ ಜನ ಅಡುಗೆಮನೆ ಕಸವನ್ನ ಅದೇ ಕವರಲ್ಲಿ ಕಟ್ಟಿ ಕೊಡ್ತಾರೆ, ಕವರ್ ಕಸ ಎರಡೂ ಒಟ್ಟಿಗೆ ಘಟಕಕ್ಕೆ ಹೋಗಿ ಗೊಬ್ಬರ ಆಗುತ್ತೆ. ಅಲ್ಲಿ ಕೆಲಸ ಮಾಡಿದ್ದು ಕವರ್ ಒಂದೇ ಅಲ್ಲ, ಅದರ ಹಿಂದೆ ಇರೋ ಘಟಕ, ಗಾಡಿ, ವಿಂಗಡಣೆ ಎಲ್ಲಾ ಸೇರಿ. ನಾವು ಕವರ್ ಮಾತ್ರ ತಂದ್ವಿ, ಉಳಿದಿದ್ದನ್ನ ತರಲಿಲ್ಲ.

ತೋಟದ ಕೊಟ್ಟೆ ಬಗ್ಗೆ ನನಗೆ ಬಹಳ ಯೋಚನೆ ಆಗುತ್ತೆ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೀತೀವಿ, ಅದರ ಜೊತೆಗೆ ಕೆಲವರು ಮಳೆ ತಾಗದಿರ್ಲಿ ಅಂತ ಅಡಿಕೆ ಗೊನೆಗೆ ಕೊಟ್ಟೆ, ಅಂದ್ರೆ ಚೀಲದ ತರದ ಹೊದಿಕೆ ಕಟ್ತಾರೆ. ಹಿಂದೆ ಕರಡದ ಹುಲ್ಲಿನ ಕೊಟ್ಟೆ ಇತ್ತು, ಈಗ ಅದನ್ನ ಹೆಣೆಯೋರೂ ಇಲ್ಲ, ಮರ ಹತ್ತೋರೂ ಕಮ್ಮಿ, ಪ್ಲಾಸ್ಟಿಕ್ ಕೊಟ್ಟೆ ಬಂತು. ಕೊಯ್ಲಾದ ಮೇಲೆ ಆ ಹರಕು ಪ್ಲಾಸ್ಟಿಕ್ ತೋಟದಲ್ಲೇ. ಇದಕ್ಕೆ ಕರಗೋ ಪ್ಲಾಸ್ಟಿಕ್ ಹಾಕಬಹುದಲ್ವಾ ಅಂತ ತೋಟದೋರು ಕೇಳ್ತಾರೆ. ಅಲ್ಲೇ ಇರೋದು ಕಷ್ಟ. ನಾಲ್ಕು ತಿಂಗಳು ನಮ್ಮ ಮಳೆ ಗಾಳಿ ತಡ್ಕೊಂಡು ಹರಿಯದೆ ನಿಲ್ಲಬೇಕು, ಅದೇ ನವೆಂಬರ್‌ನಲ್ಲಿ ಕೆಳಗೆ ಬಿದ್ದ ಕೂಡ್ಲೇ ಕರಗೋಕೆ ಶುರು ಮಾಡಬೇಕು. ಮಳೆಯಲ್ಲಿ ಗಟ್ಟಿ ನಿಂತ ವಸ್ತು ಮಣ್ಣಲ್ಲೂ ಗಟ್ಟಿಯಾಗೇ ಕೂರುತ್ತೆ, ಮಣ್ಣಲ್ಲಿ ಬೇಗ ಕರಗೋದು ಮರದ ಮೇಲೇ ಚಿಂದಿ ಆಗುತ್ತೆ, ಅಡಿಕೆ ಉದುರುತ್ತೆ. ಕವರ್ರೇ ಇರ್ಲಿ ಲೋಟವೇ ಇರ್ಲಿ, ಬಳಸುವಾಗ ಬಾಳಬೇಕು ಬಿಸಾಕಿದಾಗ ಹೋಗಬೇಕು ಅನ್ನೋ ಈ ಎರಡು ಬೇಡಿಕೆ ಒಂದಕ್ಕೊಂದು ಎದುರು ನಿಲ್ಲುತ್ತೆ, ಕರಗೋ ಪ್ಲಾಸ್ಟಿಕ್ ಮಾಡೋರೆಲ್ಲಾ ಒದ್ದಾಡ್ತಾ ಇರೋದು ಇಲ್ಲೇ.

ಆದ್ರೆ ನರ್ಸರಿ ಕೊಟ್ಟೆಗೆ ಈ ತೊಂದ್ರೆ ಅಷ್ಟಿಲ್ಲ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಎಲ್ಲಾ ಕಪ್ಪು ಪಾಲಿಥಿನ್ ಕೊಟ್ಟೆಯಲ್ಲೇ ಬರೋದು, ನೆಡುವಾಗ ಬ್ಲೇಡಲ್ಲಿ ಸೀಳಿ ಅಲ್ಲೇ ಬದಿಗೆ ಬಿಸಾಡ್ತಾರೆ, ಮಳೆಗಾಲದ ನೆಡುತೋಪಲ್ಲಿ ನೋಡಿದ್ರೆ ರಾಶಿ ರಾಶಿ. ಇದು ಹೇಗಿದ್ರೂ ಮಣ್ಣಿಗೇ ಹೋಗೋ ಪ್ಲಾಸ್ಟಿಕ್, ಆರಿಸಿ ತರೋದು ಕಷ್ಟ, ಹಾಗಾಗಿ ಮಣ್ಣಿನ ಮಾಮೂಲಿ ಶಾಖದಲ್ಲೇ ಕರಗೋದು ಸಿಕ್ರೆ ಇಲ್ಲಿ ನಿಜವಾದ ಲಾಭ. ಯುರೋಪಿನಲ್ಲಿ ಹೊಲಕ್ಕೆ ಹಾಸೋ ಮಲ್ಚಿಂಗ್ ಶೀಟಿಗೆ 2018ರಲ್ಲಿ ಇಎನ್ 17033 ಅನ್ನೋ ಬೇರೆಯದೇ ಸ್ಟಾಂಡರ್ಡ್ ಬಂದಿದೆ, ಅದರಲ್ಲಿ ಪರೀಕ್ಷೆ ಮಾಡೋದು 20ರಿಂದ 28 ಡಿಗ್ರಿಯಲ್ಲಿ, ಎರಡು ವರ್ಷದೊಳಗೆ ನೂರಕ್ಕೆ ತೊಂಬತ್ತು ಹೋಗಿರಬೇಕು. 20ರಿಂದ 28 ಡಿಗ್ರಿ ಅಂದ್ರೆ ನಮ್ಮ ತೋಟದ ನೆರಳಿನ ಮಣ್ಣಿಗೆ ಹತ್ತಿರದ ಲೆಕ್ಕ. ಇಂಥದ್ದನ್ನ ತೋಟಗಾರಿಕೆ ಇಲಾಖೆ ನರ್ಸರಿಯಲ್ಲಿ, ಅರಣ್ಯ ಇಲಾಖೆ ನರ್ಸರಿಯಲ್ಲಿ ಒಂದೊಂದು ಸಾಲು ಟ್ರಯಲ್ ಹಾಕಿ, ಎರಡು ಮಳೆಗಾಲ ಆದ ಮೇಲೆ ಅಗೆದು ತೋರಿಸ್ಲಿ, ರೈತರು ನಂಬ್ತಾರೆ. ಜೊತೆಗೆ ತೊಳೆದು ಮತ್ತೆ ಬಳಸೋ ರೂಟ್ ಟ್ರೇನರ್ ಅನ್ನೋ ಸಸಿ ಬೆಳೆಸೋ ಗಟ್ಟಿ ಅಚ್ಚು, ತೆಂಗಿನ ನಾರಿನ ಕುಂಡ ಕೂಡ ಪಕ್ಕದಲ್ಲಿ ಇಟ್ಟು ಹೋಲಿಸಿ ನೋಡ್ಲಿ, ಖರ್ಚು ಎಷ್ಟು ಬೀಳುತ್ತೆ ಅನ್ನೋದೂ ಗೊತ್ತಾಗ್ಲಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನರ್ಸರಿ ಮಾಡೋರು ಈ ಪೋಸ್ಟ್ ಓದ್ತಾ ಇದ್ರೆ, ಪಾಲಿಥಿನ್ ಬಿಟ್ಟು ಬೇರೆ ಎಂತದ್ರಲ್ಲಾದ್ರೂ ಅಡಿಕೆ ಸಸಿ ಎಬ್ಬಿಸಿದ್ರೆ, ಮಳೆಗೆ ಹೆಂಗೆ ತಡೀತು, ಬೇರು ಹೆಂಗೆ ಬಂತು, ಒಂದು ಸಸಿಗೆ ಎಷ್ಟು ಜಾಸ್ತಿ ಬಿತ್ತು ಅಂತ ಕಾಮೆಂಟಲ್ಲಿ ಬರೀರಿ, ಫೋಟೋ ಇದ್ರೆ ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ಟ್ರಯಲ್ ಮಾಡಿ ಅಂತ ಅರ್ಜಿ ಕೊಡೋಣ ಅಂತ ಒಂದಷ್ಟು ಜನ ಸೇರಿದೀವಿ, ಕೈಯಲ್ಲಿ ನಮ್ಮ ಕಡೆಯದ್ದೇ ಲೆಕ್ಕ ಇದ್ರೆ ಮಾತಾಡೋಕೆ ಅನುಕೂಲ.